ಎಷ್ಟು ಜನರ ಸಹಿ ಬೇಕು? ಕಡೂರು ಸೀಮೆಯ ಮನೆ ಟಿಪ್ಪಣಿಗಳು

ಕಡೂರು

ಕಡೂರಿನಲ್ಲಿ ಜಾಗಕ್ಕೆ ಬರವಿಲ್ಲ. ಬೀರೂರಿನ ಕಡೆ ಹೊರಟರೂ ಚಿಕ್ಕಮಗಳೂರಿನ ಕಡೆ ಹೊರಟರೂ ತೆಂಗಿನ ತೋಟ ಮುಗಿದಲ್ಲಿ ಒಂದು ಲೇಔಟಿನ ಕಮಾನು, ಕಮಾನಿನಾಚೆ ಸುಣ್ಣ ಬಳಿದ ಗಡಿಕಲ್ಲುಗಳು. ಮಳೆ ಕೈಕೊಡಬಹುದು, ಕೊಳವೆಬಾವಿ ಬತ್ತಬಹುದು, ನೆಲ ಮಾತ್ರ ಕಣ್ಣು ಹಾಯುವಷ್ಟು ದೂರ ಬಿದ್ದಿದೆ. ಹೀಗಿದ್ದೂ ಇಲ್ಲಿನ ನಿವೃತ್ತರು, ಅದರಲ್ಲೂ ಮೇಷ್ಟ್ರುಗಳು ಮತ್ತು ಬ್ಯಾಂಕಿನಲ್ಲಿದ್ದವರು, ಸಂಜೆ ಕಟ್ಟೆಯ ಮೇಲೆ ಕೂತು ಚರ್ಚಿಸುವುದು ಎರಡೇ: ಬೆಂಗಳೂರಿನಲ್ಲಿ ಫ್ಲ್ಯಾಟೋ, ಇಲ್ಲೇ ಸಾಲಾಗಿ ಕಟ್ಟುತ್ತಿರುವ ಡ್ಯೂಪ್ಲೆಕ್ಸ್ ಮನೆಗಳಲ್ಲಿ ಒಂದೋ. ಸೈಟು ಕೊಂಡು, ನಾಲ್ಕೂ ಕಡೆ ಜಾಗ ಬಿಟ್ಟು, ಬಿಡಿ ಮನೆ ಕಟ್ಟಬಹುದಲ್ಲ ಎಂದರೆ, "ಅಯ್ಯೋ, ಈ ವಯಸ್ಸಲ್ಲಿ ಮೇಸ್ತ್ರಿ ಹಿಂದೆ ಅಲೆಯೋಕಾಗುತ್ತಾ" ಎಂದು ಮಾತು ಮುಗಿಸುತ್ತಾರೆ.

ಹೆಸರು ಒಂದೆಡೆ, ವಾಸ ಇನ್ನೊಂದೆಡೆ ಎಂಬುದು ಈ ಊರಿಗೆ ಹೊಸತೇನಲ್ಲ. 1863ರಲ್ಲಿ ಕಡೂರು ಜಿಲ್ಲೆಯಾಯಿತು. ಎರಡೇ ವರ್ಷಕ್ಕೆ, 1865ರಲ್ಲಿ, ಜಿಲ್ಲಾ ಕಚೇರಿ ಚಿಕ್ಕಮಗಳೂರಿಗೆ ಹೋಯಿತು. ಆದರೂ 1947ರವರೆಗೆ ಅದು ಕಡೂರು ಜಿಲ್ಲೆಯೇ. ಈಗ ಮೂರಂತಸ್ತಿನ ಮನೆಯ ಖಾತೆ ಇಲ್ಲಿಟ್ಟು ಯಲಹಂಕದಲ್ಲೋ ಕೆಂಗೇರಿಯಲ್ಲೋ ಇರುವವರು ಆ ಹಳೆಯ ಜಿಲ್ಲಾ ಕಚೇರಿಯ ಸಂಪ್ರದಾಯವನ್ನೇ ಪಾಲಿಸುತ್ತಿದ್ದಾರೆ ಅನ್ನಬೇಕು.

ಪೇಟೆ ಬೀದಿ

"ಗೋಡೆಗೆ ಗೋಡೆ ಅಂಟಿದ ಮನೆ ನಮಗೆ ಒಗ್ಗಲ್ಲ" ಎಂದು ಒಬ್ಬರು ಹೇಳಿದರು. ಅವರು ಹುಟ್ಟಿ ಬೆಳೆದದ್ದು ಹಳೇ ಪೇಟೆಯಲ್ಲಿ. ಅಲ್ಲಿನ ಮನೆಗಳೆಲ್ಲ ಅಂಟಿಕೊಂಡೇ ಇವೆ. ಮುಂದೆ ಜಗುಲಿ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಿಲು. ಅಗಲ ಕಿರಿದು, ಉದ್ದ ಮಾತ್ರ ಈ ಬೀದಿಯಿಂದ ಆ ಬೀದಿಗೆ. ಪಕ್ಕಕ್ಕೆ ಕಿಟಕಿಯಿಲ್ಲದ್ದರಿಂದ ಬೆಳಕು ಬೀಳುವುದು ಹೆಂಚುಗಳ ನಡುವೆ ಕೂರಿಸಿದ ಗಾಜಿನಿಂದ.

ಅಂಥದೊಂದು ಸಾಲಿನಲ್ಲಿ ಒಂದು ಮನೆ ಕೆಡವಿದ್ದರು. ನಿಂತು ನೋಡಿದೆ. ಪಕ್ಕದ ಮನೆಯ ಮಣ್ಣಿನ ಗೋಡೆ ಬೀದಿಗೆ ಬಯಲಾಗಿತ್ತು, ಅದರ ಮೈಮೇಲೆ ಹೋದ ಮನೆಯ ಗುರುತುಗಳು ಹಾಗೇ ಉಳಿದಿದ್ದವು. ಒಲೆಯಿದ್ದ ಕಡೆ ಹೊಗೆಮಸಿ. ದೇವರ ಗೂಡಿನ ಸುತ್ತ ಕುಂಕುಮದ ಕಲೆ. ಎದೆಮಟ್ಟಕ್ಕೆ ಹಸಿರು ಬಣ್ಣ, ಮೇಲೆ ಸುಣ್ಣ. ಅದಕ್ಕೂ ಮೇಲೆ ಒಂದೇ ಸಾಲಿನಲ್ಲಿ ಚೌಕನೆಯ ತೂತುಗಳು: ಕೆಡವಿದ ಮನೆಯ ತೊಲೆಗಳ ತುದಿ ಕೂತಿದ್ದ ಜಾಗ. ಉಳಿದ ಮನೆಯ ತೊಲೆಗಳೂ ಆಚೆಯಿಂದ ಅದೇ ಗೋಡೆಗೆ ಕೂತಿವೆ. ಒಂದೂವರೆ ಅಡಿ ದಪ್ಪದ ಒಂದೇ ಗೋಡೆ ಎರಡು ಸೂರು ಹೊತ್ತಿತ್ತು. ಈಗ ಅದಕ್ಕೊಂದು ನೀಲಿ ಟಾರ್ಪಾಲು ಇಳಿಬಿಟ್ಟು, ಬುಡಕ್ಕೆ ಮರಳಿನ ಚೀಲ ಒಟ್ಟಿದ್ದರು.

ಯಜಮಾನರು ಹೊರಗೆ ಬಂದರು. ಗೋಡೆ ಯಾರದು ಎಂದು ಕೇಳಿದೆ.

"ಇಬ್ಬರದೂ."

"ಕಾಗದದಲ್ಲಿದೆಯೇ?"

"ಕಾಗದದಲ್ಲಿ ಎಲ್ಲಿರುತ್ತೆ ಸ್ವಾಮಿ. ನಮ್ಮಪ್ಪ, ಅವರಪ್ಪ ಮಾತಾಡಿಕೊಂಡಿದ್ದು."

ಮಾತಾಡಿಕೊಂಡ ಇಬ್ಬರೂ ಈಗಿಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಇಂಥವರ ಮನೆ" ಎಂದಷ್ಟೇ ಇದೆಯಂತೆ. ಮನೆ ಎಲ್ಲಿಂದ ಶುರು, ಗೋಡೆಯ ಈ ಮೈಯಿಂದಲೋ, ಆ ಮೈಯಿಂದಲೋ, ನಡುವಿನಿಂದಲೋ? ಹೊಸ ಮನೆ ಕಟ್ಟುವವರು ನಡುವಿನಿಂದ ಅನ್ನುತ್ತಾರೆ. ಇವರು ಆ ಮೈಯಿಂದ ಅನ್ನುತ್ತಾರೆ. ಒಂಬತ್ತು ಇಂಚಿನ ಜಗಳ. ಪಾಯ ತೋಡಿದ ಗುಂಡಿಯಲ್ಲಿ ನೀರು ನಿಂತಿತ್ತು.

ಮೇಷ್ಟ್ರ ಲೆಕ್ಕ

ಪರಿಚಯದ ನಿವೃತ್ತ ಗಣಿತ ಮೇಷ್ಟ್ರೊಬ್ಬರಿದ್ದಾರೆ. ಕಡೂರಿನಲ್ಲಿ ಸ್ವಂತ ಮನೆ, ಊರಾಚೆ ಎರಡು ಎಕರೆ ತೆಂಗು, ಬೆಂಗಳೂರಿನಲ್ಲಿ ಮಗಳು. "ಅಪ್ಪ, ಆ ಮನೆ ಮಾರಿ ನಮ್ಮ ಹತ್ತಿರಾನೇ ಒಂದು ಫ್ಲ್ಯಾಟ್ ತಗೊಳ್ಳಿ" ಎಂದು ಮಗಳ ಒತ್ತಾಯ. ಬಿಲ್ಡರ್ ಕಡೆಯ ಹುಡುಗ ನುಣುಪು ಕಾಗದದ ಪುಸ್ತಕ ಕೊಟ್ಟಿದ್ದ. ಮೇಷ್ಟ್ರು ಅದರ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಲೆಕ್ಕ ಮಾಡಿಟ್ಟಿದ್ದರು.

ಸೂಪರ್ ಬಿಲ್ಟ್ ಅಪ್ 1250 ಚದರ ಅಡಿ. ಕಾರ್ಪೆಟ್ ಏರಿಯಾ 860. ಅವಿಭಜಿತ ಪಾಲು, ಅಂದರೆ ನೆಲದಲ್ಲಿ ಅವರ ಹೆಸರಿಗೆ ಬರುವ ಹಕ್ಕು, 430.

"ನೋಡಿ, ಗುಂಟೆಗೆ 1089 ಚದರ ಅಡಿ. ನಮ್ಮೂರಲ್ಲಿ ಮೂವತ್ತು ನಲವತ್ತರ ಸೈಟು ಅಂದ್ರೆ 1200, ಗುಂಟೆಗಿಂತ ಒಂಚೂರು ಜಾಸ್ತಿ. ಇವನು ಕೊಡೋದು ಅರ್ಧ ಗುಂಟೇನೂ ಅಲ್ಲ. ಎಂಬತ್ತು ಗುಂಟೆ ಯಜಮಾನ ನಾನು. ಆ 430 ಅಡಿ ಎಲ್ಲಿದೆ ತೋರಿಸಪ್ಪಾ ಅಂತ ಕೇಳಿದೆ."

"ಏನಂದ?"

"ಕೈ ಹೀಗೆ ಬೀಸಿ, ಎಲ್ಲಾ ಕಡೆ ಇದೆ ಸಾರ್ ಅಂದ."

ಹುಡುಗ ಹೇಳಿದ್ದು ಸರಿಯೇ. ಮೆಟ್ಟಿಲ ಕೆಳಗೆ, ಲಿಫ್ಟಿನ ಗುಂಡಿಯಲ್ಲಿ, ಮಕ್ಕಳ ಜಾರುಬಂಡೆಯ ಅಡಿಯಲ್ಲಿ, ಎಲ್ಲೆಡೆ ಅಷ್ಟಷ್ಟು ಇದೆ. ಆದರೆ ಅಲ್ಲೊಂದು ಕರಿಬೇವಿನ ಗಿಡ ನೆಡಬೇಕಾದರೆ ಸಂಘವನ್ನು ಕೇಳಬೇಕು. ಲೆಕ್ಕಕ್ಕೆ ಸಿಗುವ, ಕಾಲಿಗೆ ಸಿಗದ ಈ ನೆಲವನ್ನು ಗಡಿಕಲ್ಲು ನೋಡಿಕೊಂಡೇ ಬೆಳೆದ ರೈತಾಪಿ ಮನಸ್ಸು ಒಪ್ಪುವುದು ಹೇಗೆ?

ಫ್ಲ್ಯಾಟ್ ಕೊಳ್ಳುವವರಿಗೆ ಕಾನೂನಿನ ಆಸರೆ ಮಾತ್ರ ಈಗ ಮೊದಲಿಗಿಂತ ಗಟ್ಟಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾದ, ಪ್ರಕಾರ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಲೇಬೇಕು. ಹೊರಗೋಡೆ ಅದರಲ್ಲಿ ಸೇರದು, ಒಳಗಿನ ಅಡ್ಡಗೋಡೆ ಸೇರುತ್ತದೆ. ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಿಗೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಮಾರಿದ್ದಕ್ಕೆ ಅದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1 ಇದ್ದದ್ದು ಶೇ 2 ಆಗಿದೆ. ಇದೆಲ್ಲ ಮೇಷ್ಟ್ರ ಪೆನ್ಸಿಲ್ ಲೆಕ್ಕದಲ್ಲಿ ಆಗಲೇ ಇತ್ತು.

ಒಳಗಿಂದ ಮನೆಯವರ ದನಿ: "ಏನ್ರೀ, ನೆಲ ಎಷ್ಟಾದ್ರೂ ಇರ್ಲಿ, ಲಿಫ್ಟ್‌ಗೆ ಕರೆಂಟ್ ಹೋದ್ರೆ ಜನರೇಟರ್ ಇದೆಯಾ ಕೇಳಿದ್ರಾ?" ಅವರಿಗೆ ಮಂಡಿನೋವು. ಆ ಪುಸ್ತಕದಲ್ಲಿ ಯಾರೂ ಗುರುತು ಹಾಕದಿದ್ದ ಒಳ್ಳೆಯ ಪ್ರಶ್ನೆ ಅದೊಂದೇ.

ತರೀಕೆರೆ

ಕಡೂರಿನ ಬಯಲು ದಾಟಿ ಬಂದರೆ ಇಲ್ಲಿ ಗಾಳಿಯೇ ಬೇರೆ. ಒಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇನ್ನೊಂದು ಕಡೆ ಕೆಮ್ಮಣ್ಣುಗುಂಡಿಯ ಬೆಟ್ಟ. ಅಡಿಕೆ ತೋಟ ಊರೊಳಗೇ ಬಂದುಬಿಡುತ್ತದೆ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲವಾಗತೊಡಗಿದ ಮೇಲೆ, 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ, ಚಹಾದಂಗಡಿಯಲ್ಲಿ ಕೂತವರೆಲ್ಲ ಸೈಟಿನ ಬೆಲೆ ಹೇಳುವವರೇ.

ಊರಂಚಿನಲ್ಲಿ ನಾಲ್ಕು ಡ್ಯೂಪ್ಲೆಕ್ಸ್ ಮನೆಗಳ ಒಂದು ಸಾಲು ನೋಡಿದೆ. ಮುಂದೆ ಕಾರು ನಿಲ್ಲುವಷ್ಟು ಜಾಗ, ಕೆಳಗೆ ಹಾಲು, ಅಡುಗೆಮನೆ, ಮೇಲೆ ಮಲಗುವ ಕೋಣೆಗಳು. ಮಂಡಿನೋವಿನವರು ದಿನಕ್ಕೆ ಎಷ್ಟು ಸಲ ಹತ್ತಿಳಿಯಬೇಕೋ. ಮಾರುವವನ ಮಾತು ಇದು: "ಸಾರ್, ಇದು ಫ್ಲ್ಯಾಟ್ ಥರ ಅಲ್ಲ. ಕೆಳಗೆ ನೆಲಾನೂ ನಿಮ್ದೇ, ಮೇಲೆ ಆಕಾಶಾನೂ ನಿಮ್ದೇ."

ನೆಲ, ಆಕಾಶ ಸರಿ. ನಡುವಿನದು? ಎರಡನೇ ಮನೆಯವರ ಹಾಲಿನಲ್ಲಿ ಕೂತಿದ್ದಾಗ ಮೂರನೇ ಮನೆಯ ಮಿಕ್ಸಿ ಕೇಳಿಸಿತು. ಸಣ್ಣಗೇನಲ್ಲ, ಚಟ್ನಿ ನುಣ್ಣಗಾಯಿತೇ ಇಲ್ಲವೇ ಎಂದು ತಿಳಿಯುವಷ್ಟು. ಜಂಟಿ ಗೋಡೆ ನಾಲ್ಕೂವರೆ ಇಂಚಿನದು, ಎರಡು ಕಡೆಯೂ ಗಾರೆ. ಒಂಬತ್ತು ಇಂಚು ಹಾಕಿದ್ದರೆ ಕೋಣೆ ಅಷ್ಟು ಕಿರಿದಾಗುತ್ತಿತ್ತು ಎಂದು ಮೇಸ್ತ್ರಿ ಹೇಳಿದ್ದನಂತೆ. ಹೊರಗೆ ಬಂದು ಮೇಲೆ ನೋಡಿದೆ: ತಾರಸಿ ನಾಲ್ಕೂ ಮನೆಗೆ ಒಂದೇ ಉದ್ದನೆಯ ಹಲಗೆ. ಎರಡನೇ ಮನೆಯ ಮಳೆನೀರಿನ ಪೈಪು ಒಂದನೇ ಮನೆಯ ಪಕ್ಕಕ್ಕೆ ಇಳಿದಿದೆ. ಸಂಪು ಎರಡು ಮನೆಗೊಂದು, ಮೋಟಾರು ಒಂದು.

"ಮೋಟಾರಿನ ಬಿಲ್ಲು?"

"ನಾವೊಂದ್ ತಿಂಗಳು, ಅವರೊಂದ್ ತಿಂಗಳು."

"ಸುಟ್ಟುಹೋದರೆ?"

ಯಜಮಾನರು ಹೆಂಡತಿಯ ಮುಖ ನೋಡಿದರು. "ಇನ್ನೂ ಸುಟ್ಟಿಲ್ಲ" ಎಂದರು ಆಕೆ.

ನಾಲ್ಕನೇ ಮನೆಯವರಿಗೆ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಆಸೆ. ಆಕಾಶ ಅವರದೇ ತಾನೇ? ಆದರೆ ಕಂಬ ಮೂರನೇ ಮನೆಯವರ ಜೊತೆ ಹಂಚಿಕೊಂಡದ್ದು. ಮೂರನೆಯವರು ಬೇಡವೆಂದರೆ ಏನು ಮಾಡಬೇಕೆಂದು ಕ್ರಯಪತ್ರದಲ್ಲಿ ಬರೆದಿಲ್ಲ. ನನ್ನ ಅಚ್ಚರಿ ಇಲ್ಲಿ ಬಲಿಯಿತು. ಫ್ಲ್ಯಾಟಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಿದೆ, ಘೋಷಣಾ ಪತ್ರ, ಬೈಲಾ, ಸಂಘ, ವರ್ಷಕ್ಕೊಮ್ಮೆ ಸಭೆ ಎಲ್ಲ ಇವೆ. ನಾಲ್ಕು ಮನೆಯ ಸಾಲಿಗೆ ಯಾರೂ ಏನೂ ಬರೆದುಕೊಂಡಿಲ್ಲ. ರೇರಾ ನೋಂದಣಿಯೂ ಕಡ್ಡಾಯವಲ್ಲ. 500 ಚದರ ಮೀಟರ್ ಮೀರದ ಜಾಗಕ್ಕೆ, ಇಲ್ಲವೇ 8 ಮನೆ ಮೀರದ ಯೋಜನೆಗೆ ಅದರಿಂದ ವಿನಾಯಿತಿ. 500 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ ಐದು ಗುಂಟೆ. ನಮ್ಮ ಸಣ್ಣ ಊರುಗಳ ಸಾಲುಮನೆಗಳು ಬಹುಪಾಲು ಈ ಐದು ಗುಂಟೆಯೊಳಗೆ, ಎಂಟು ಮನೆಯೊಳಗೆ ಮುಗಿಯುತ್ತವೆ.

ಅಜ್ಜಂಪುರ

ಈರುಳ್ಳಿ ಸೀಮೆ. ಅಮೃತಮಹಲ್ ತಳಿಯ ದನಗಳ ಕೇಂದ್ರವಿರುವ ಊರು. ಭದ್ರಾ ಮೇಲ್ದಂಡೆಯ ನೀರು ಚಿತ್ರದುರ್ಗದ ಕಡೆ ಹೋಗಲೆಂದು ಸುರಂಗ ಕೊರೆದದ್ದೂ ಇಲ್ಲೇ ಹತ್ತಿರ. ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಗಿದೆ, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದಿದೆ. ಹಾಗಾಗಿ ಇಲ್ಲಿ ಮನೆ ನೋಡುವವರ ಮೊದಲ ತಲೆನೋವು ಗೋಡೆಯಲ್ಲ, ಕಾಗದ. ಒಬ್ಬರ ಹತ್ತಿರ ಪಂಚಾಯಿತಿ ಕಾಲದ ನಮೂನೆ 9–11, ಇನ್ನೊಬ್ಬರ ಹತ್ತಿರ ಹೊಸ ಇ-ಖಾತಾ, ಮತ್ತೊಬ್ಬರ ಹತ್ತಿರ ಕಂದಾಯದ ರಸೀದಿ ಮಾತ್ರ.

ಫ್ಲ್ಯಾಟು ಇಲ್ಲಿ ಯಾರ ಬಾಯಲ್ಲೂ ಇಲ್ಲ. ಸಾಲುಮನೆ ಮಾತ್ರ ಧಾರಾಳ ಇವೆ, ಬಿಲ್ಡರ್ ಕಟ್ಟಿದ್ದಲ್ಲ, ಪಾಲಾಗಿ ಹುಟ್ಟಿದ್ದು. ಅಪ್ಪನ ಒಂದು ದೊಡ್ಡ ಮನೆ, ಮೂವರು ಮಕ್ಕಳು. ನಡುವೆ ಎರಡು ಗೋಡೆ ಎಬ್ಬಿಸಿದರೆ ಮೂರು ಮನೆ. ಹಿರಿಯರೊಬ್ಬರು ಪೆಟ್ಟಿಗೆಯಿಂದ ತಮ್ಮ ಅಜ್ಜನ ಕಾಲದ ವಿಭಾಗಪತ್ರ ತೆಗೆದು ತೋರಿಸಿದರು. ಛಾಪಾ ಕಾಗದ ಮಡಿಕೆಯ ಗುಂಟ ಹರಿದು, ಹಿಂದೆ ಬಟ್ಟೆ ಅಂಟಿಸಿತ್ತು. ಪತ್ರ ಬರೆಯುವವನ ಕೈಬರಹ, ಪೂರ್ಣವಿರಾಮವಿಲ್ಲದ ಒಂದೇ ವಾಕ್ಯ, ಅರ್ಧ ಪುಟ. ಅದರಲ್ಲಿ ಏನೇನಿತ್ತೆಂದರೆ: ನಡುಗೋಡೆ ಇಬ್ಬರಿಗೂ ಸೇರಿದ್ದು, ಕುಸಿದರೆ ಖರ್ಚು ಸಮನಾಗಿ. ದೊಡ್ಡವನ ಸೂರಿನ ನೀರು ಚಿಕ್ಕವನ ಅಂಗಳಕ್ಕೆ ಬೀಳುವುದಕ್ಕೆ ಚಿಕ್ಕವನ ತಕರಾರಿಲ್ಲ. ಬಾವಿಗೆ ಮೂವರೂ ಬರಬಹುದು, ದಾರಿ ಮೂರು ಮೊಳ ಅಗಲ. ತೆಂಗಿನ ಮರ ನಡುವಿನವನದು, ಕಾಯಿ ಯಾರ ಅಂಗಳಕ್ಕೆ ಬಿದ್ದರೂ.

ಓದಿ ದಂಗಾದೆ. ತರೀಕೆರೆಯ ಹೊಸ ಕ್ರಯಪತ್ರದಲ್ಲಿ ಹುಡುಕಿ ಸಿಗದ ಉತ್ತರಗಳೆಲ್ಲ ಈ ಹರಕು ಕಾಗದದಲ್ಲಿವೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಬೀಳುವ ತೆಂಗಿನಕಾಯಿಯನ್ನೂ ಬರೆದುಕೊಂಡರು. ಮುಖ ಪರಿಚಯವೂ ಇಲ್ಲದವರು ಈಗ ಸಂಪು, ಮೋಟಾರು, ಕಂಬ, ತಾರಸಿ ಎಲ್ಲವನ್ನೂ ಬಾಯಿಮಾತಿಗೆ ಬಿಟ್ಟಿದ್ದಾರೆ. ಅಣ್ಣತಮ್ಮಂದಿರ ಜಗಳ ಖಂಡಿತ ಎಂದು ಅಜ್ಜನಿಗೆ ಗೊತ್ತಿತ್ತು. ನೆರೆಯವರು ಒಳ್ಳೆಯವರೇ ಸಿಗುತ್ತಾರೆಂದು ನಮಗೆ ಯಾರು ಹೇಳಿದರು?

ಬೆಂಗಳೂರು, ಭಾನುವಾರ

ಮೇಷ್ಟ್ರ ಮಗಳ ಅಪಾರ್ಟ್‌ಮೆಂಟಿನ ಸಂಘದ ಸಭೆ. ಮೇಷ್ಟ್ರು ನೋಡಲೆಂದೇ ಬಂದಿದ್ದರು, ಜೊತೆಗೆ ನಾನು. ವಿಷಯ: ಮೂರನೇ ಮಹಡಿಯ ಬಚ್ಚಲಿನ ನೀರು ಎರಡನೇ ಮಹಡಿಯ ದೇವರ ಮನೆಗೆ ಸೋರುತ್ತಿದೆ. ಮೇಲಿನವರು ಬಿಲ್ಡರ್ ತಪ್ಪು ಅನ್ನುತ್ತಾರೆ, ಕೆಳಗಿನವರು ಮೇಲಿನವರ ತಪ್ಪು ಅನ್ನುತ್ತಾರೆ, ಸಂಘದವರು ಇದು ಒಳಗಿನ ರಿಪೇರಿ, ನಮಗೆ ಬರಲ್ಲ ಅನ್ನುತ್ತಾರೆ. ಬೈಲಾ ಓದಿದರು. ಮತ್ತೊಬ್ಬರು ಅದೇ ಬೈಲಾವನ್ನು ಬೇರೆ ಥರ ಓದಿದರು. ನಾಯಿಯ ವಿಷಯ ನಡುವೆ ನುಸುಳಿತು. ಹೊರಗೋಡೆಗೆ ಬಣ್ಣ ಯಾವುದು ಎಂಬುದಕ್ಕೆ ಉಪಸಮಿತಿ ಆಯಿತು. ಮಧ್ಯಾಹ್ನದ ಊಟ ಆರಿಹೋಯಿತು.

ನನಗೆ ಬೇಸರ ಹತ್ತಿತು, ಮೇಷ್ಟ್ರು ಮಾತ್ರ ಲವಲವಿಕೆಯಿಂದ ಕೇಳುತ್ತಿದ್ದರು. ಹೊರಗೆ ಬಂದು ಹೇಳಿದರು: "ಜಗಳ ಚೆನ್ನಾಗಿದೆ ಕಣ್ರೀ. ನಡಾವಳಿ ಪುಸ್ತಕದಲ್ಲಿ ಬರ್ಕೊಂಡು ಜಗಳ ಆಡ್ತಾರೆ." ಸೋರಿಕೆ ಕೊನೆಗೆ ಸಂಘದ ಪ್ಲಂಬರ್ ಬಂದು ನೋಡಿ, ಮೇಲಿನವರ ಖರ್ಚಿನಲ್ಲಿ ನಿಂತಿತು ಎಂದು ಆಮೇಲೆ ತಿಳಿಯಿತು. ಕಡೂರು ಪೇಟೆ ಬೀದಿಯ ಟಾರ್ಪಾಲು ಆಗಲೂ ಇಳಿದಿರಲಿಲ್ಲ.

ಬೀಗ

ಬೀಗ ಹಾಕಿದ ಮನೆಗಳ ಲೆಕ್ಕವನ್ನೂ ಯಾರಾದರೂ ಮಾಡಬೇಕು. ಬೀಗ ಹಾಕಿದ ಫ್ಲ್ಯಾಟಿಗೆ ತಿಂಗಳು ತಿಂಗಳು ಮೇಂಟೆನೆನ್ಸ್ ಬೀಳುತ್ತದೆ. ಚದರ ಅಡಿಗೆ ನಾಲ್ಕು ರೂಪಾಯಿ ಅಂದುಕೊಂಡರೂ ಮೇಷ್ಟ್ರ 1250 ಅಡಿಗೆ ಐದು ಸಾವಿರ, ವರ್ಷಕ್ಕೆ ಅರವತ್ತು ಸಾವಿರ. ಜನ ಇದಕ್ಕೆ ಗೊಣಗುತ್ತಾರೆ. ಬೀಗ ಹಾಕಿದ ಊರ ಮನೆಗೆ ಯಾರೂ ಬಿಲ್ಲು ಕಳಿಸುವುದಿಲ್ಲ. ಬದಲಿಗೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತುತ್ತದೆ, ತಾರಸಿಯ ಬಿರುಕಿನಲ್ಲಿ ಅರಳಿ ಗಿಡ ಏಳುತ್ತದೆ, ಸಂಪಿನಲ್ಲಿ ಇಲಿ ಸಾಯುತ್ತದೆ. ಜಾತ್ರೆಗೆ ಬಂದಾಗ ಒಟ್ಟಿಗೆ ಲಕ್ಷ ಖರ್ಚಾದರೆ ಅದು ಗೊಣಗಾಟವಾಗುವುದಿಲ್ಲ, ಮನೆ ನೋಡಿಕೊಂಡ ಹೆಮ್ಮೆಯಾಗುತ್ತದೆ. ಇದು ನನಗೆ ಇನ್ನೂ ಅರ್ಥವಾಗದ ವಿಷಯ.

ಸಹಿ

ಯಾವುದು ಒಳ್ಳೆಯದು ಎಂದು ಕೇಳಿದವರೆಲ್ಲ ಬೆಲೆ, ಬಾಡಿಗೆ, ವಾಸ್ತು, ನೀರು ಎಂದು ಹೋಲಿಸುತ್ತಾರೆ. ಇಷ್ಟು ನೋಡಿದ ಮೇಲೆ ನನಗೆ ಉಳಿದದ್ದು ಒಂದೇ ಅಳತೆ: ಮನೆಯಲ್ಲಿ ಏನಾದರೂ ಮಾಡಬೇಕೆಂದರೆ ಎಷ್ಟು ಜನರ ಸಹಿ ಬೇಕು?

ಬಿಡಿ ಮನೆಗೆ ಪುರಸಭೆಯ ಸಹಿ ಒಂದಿದ್ದರೆ ಸಾಕು; ಆದರೆ ಸೋರಿದರೆ ಏಣಿ ಹತ್ತುವವರೂ ನೀವೇ. ಫ್ಲ್ಯಾಟಿನಲ್ಲಿ ನೂರು ಸಹಿ, ಏಣಿ ಸಂಘದ್ದು. ಸಾಲುಮನೆಗೆ ಎಡಕ್ಕೊಂದು, ಬಲಕ್ಕೊಂದು, ಎರಡೇ ಸಹಿ. ಕೇಳುವುದಕ್ಕೆ ಹಗುರ. ಆದರೆ ಆ ಎರಡರಲ್ಲಿ ಒಂದು ಸಿಗದಿದ್ದರೆ ಬಹುಮತ ಅಂತ ಒಂದಿಲ್ಲ, ಸಭೆ ಇಲ್ಲ, ನಡಾವಳಿ ಇಲ್ಲ, ನೇರ ಕೋರ್ಟು. ಹಾಗಾಗಿ ಕಡೂರು, ತರೀಕೆರೆಗಳಲ್ಲಿ ಈಗ ಕಟ್ಟುತ್ತಿರುವ ರೀತಿಯ ಸಾಲುಮನೆ, ನಾಲ್ಕೂವರೆ ಇಂಚಿನ ಗೋಡೆ ಮತ್ತು ಮೌನದ ಕ್ರಯಪತ್ರದ ಸಮೇತ, ಮೂರರಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದೇ ನನ್ನ ತೀರ್ಮಾನ. ಅದೇ ಸಾಲುಮನೆಗೆ ಒಂಬತ್ತು ಇಂಚಿನ ಎರಡು ಬೇರೆ ಗೋಡೆ, ಬೇರೆ ಕಂಬ, ಬೇರೆ ಸಂಪು ಹಾಕಿ, ಉಳಿದ ಹಂಚಿಕೆಯನ್ನೆಲ್ಲ ಕರಾರು ಮಾಡಿ ನೋಂದಾಯಿಸಿದರೆ ನಾನೇ ಒಂದು ಕೊಂಡೇನು.

ಮೇಷ್ಟ್ರು ಊರ ಮನೆ ಮಾರಲಿಲ್ಲ. ಬ್ಯಾಂಕಿನ ಒಬ್ಬ ಅಧಿಕಾರಿಗೆ ಬಾಡಿಗೆಗೆ ಕೊಟ್ಟು, ಆ ಹಣಕ್ಕೆ ಇನ್ನಷ್ಟು ಸೇರಿಸಿ ಮಗಳ ಕಟ್ಟಡದಲ್ಲೇ ಹನ್ನೊಂದು ತಿಂಗಳ ಕರಾರಿಗೆ ಒಂದು ಫ್ಲ್ಯಾಟ್ ಹಿಡಿದಿದ್ದಾರೆ. ಜನರೇಟರ್ ಇದೆ. ಕೊಳ್ಳುವ ಮಾತು ಹನ್ನೊಂದು ತಿಂಗಳ ಮೇಲೆ.

ಕಡೂರು, ತರೀಕೆರೆ, ಅಜ್ಜಂಪುರದ ಓದುಗರಲ್ಲಿ ಒಂದು ಕೋರಿಕೆ. ಹೊಸ ಸಾಲುಮನೆ ಕೊಂಡು, ಜಂಟಿ ಗೋಡೆಗೆ, ಮೋಟಾರಿಗೆ, ಮಳೆನೀರಿಗೆ ನೆರೆಯವರ ಜೊತೆ ಕರಾರು ಬರೆದುಕೊಂಡವರು ಯಾರಾದರೂ ಇದ್ದರೆ ಹೆಸರು ಅಳಿಸಿ ಅದರ ನಕಲನ್ನು ಅಕ್ಕಪಕ್ಕದ ಲೇಔಟಿನವರಿಗೆ ಕೊಡಿ. ಟೋಕನ್ ಕೊಡಲು ಹೊರಟವರು ಅದನ್ನೊಮ್ಮೆ ಓದಿಕೊಂಡು ಹೋಗಲಿ.